ಯಾರೂ ಇಲ್ಲದ ಮನೆಗೆ ನೆಂಟರಾಗಿ

ಮನೆ ನೋಡಲು ಹೋಗುವುದು ಅಂದರೆ ನಮ್ಮ ಕಡೆ ಮೂರೇ ಅರ್ಥ. ಒಂದೋ ಆ ಮನೆಯಲ್ಲಿ ಮದುವೆ ವಯಸ್ಸಿನ ಹುಡುಗಿಯಿದ್ದಾಳೆ, ಇಲ್ಲವೇ ಬಾಡಿಗೆಗಿದೆ ಎಂದು ಬೋರ್ಡು ತೂಗುಹಾಕಿದ್ದಾರೆ, ಎರಡೂ ಅಲ್ಲದಿದ್ದರೆ ಗೃಹಪ್ರವೇಶ. ಮೊದಲನೆಯದರಲ್ಲಿ ಉಪ್ಪಿಟ್ಟು ಕೇಸರಿಭಾತು, ಕೊನೆಯದರಲ್ಲಿ ಪಾಯಸದ ಊಟ. ನಡುವಿನದರಲ್ಲಿ ಮಾತ್ರ ಅಡ್ವಾನ್ಸ್ ಎಷ್ಟು ಎಂಬ ಒಣ ಮಾತು. ಹುಡುಗಿಯೂ ಇಲ್ಲದ, ಬಾಡಿಗೆಗೂ ಸಿಗದ, ಗೃಹಪ್ರವೇಶ ಮುಗಿದು ಮುನ್ನೂರು ವರ್ಷವಾದ ಮನೆಗಳನ್ನು ಟಿಕೆಟ್ ತೆಗೆದು ನೋಡುವುದು ನಾಲ್ಕನೆಯ ಬಗೆ. ಅದನ್ನು ನನಗೆ ಕಲಿಸಿದ್ದು ಜಪಾನಿನ ಕವಾಸಾಕಿ.

ಕವಾಸಾಕಿ ಅಂದರೆ ನಮ್ಮ ತಲೆಮಾರಿನವರಿಗೆ ಬೈಕು. ಬೈಕಿಗೂ ಈ ಊರಿಗೂ ಸಂಬಂಧವಿಲ್ಲ. ಅದು ಕಂಪನಿ ಕಟ್ಟಿದವನ ಮನೆತನದ ಹೆಸರು ಅಷ್ಟೆ. ಊರು ಟೋಕಿಯೊ ಮತ್ತು ಯೊಕೊಹಾಮಾಗಳ ನಡುವೆ, ತಾಮಾ ನದಿಯ ಉದ್ದಕ್ಕೆ ಒತ್ತರಿಸಿಕೊಂಡು ಮಲಗಿದೆ. ಕಡಲ ಕಡೆಯ ತುದಿಯಲ್ಲಿ ಉಕ್ಕು, ಎಣ್ಣೆ, ರಾಸಾಯನಿಕ. ಗುಡ್ಡದ ಕಡೆಯ ತುದಿಯಲ್ಲಿ ಮರಗಿಡ. ಯುದ್ಧದ ನಂತರ ಜಪಾನು ದುಡ್ಡು ಮಾಡುತ್ತಿದ್ದ ಕಾಲದಲ್ಲಿ ಈ ಊರಿನ ಕಾರ್ಖಾನೆಗಳ ಹೊಗೆಗೆ ಜನರ ಉಸಿರು ಕಟ್ಟಿ, ಕೊನೆಗೆ 1982ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದೇ ಊರಿನ ಇನ್ನೊಂದು ತುದಿಯಲ್ಲಿ, ಇಕುತಾ ಎಂಬ ಗುಡ್ಡದ ಉದ್ಯಾನದಲ್ಲಿ, ನಗರಸಭೆಯವರೇ ಹಳೆಯ ಮನೆಗಳನ್ನು ಕೂಡಿಹಾಕಿ ಸೌದೆ ಉರಿಸಿ ಹೊಗೆ ಹಾಕಿಸುತ್ತಾರೆ. ಒಂದು ಊರು ಒಂದು ಬಗೆಯ ಹೊಗೆಯ ಮೇಲೆ ದಾವೆ ಹೂಡಿ ಇನ್ನೊಂದು ಬಗೆಯ ಹೊಗೆಯನ್ನು ಸಾಕಿಕೊಳ್ಳುವ ಈ ಲೆಕ್ಕ ಮೊದಲಿಗೆ ನನಗೆ ಹತ್ತಲಿಲ್ಲ.

ಅಲ್ಲಿಗೆ ಹೋದದ್ದು ಒಂದು ಒಪ್ಪಂದದ ಮೇಲೆ. ಮಗಳ ಮನೆ ಟೋಕಿಯೊದಲ್ಲಿ. ಮೊಮ್ಮಗನಿಗೆ ಡೋರೆಮಾನ್ ಹುಚ್ಚು. ನಮ್ಮೂರಿನ ಮಕ್ಕಳು ಹಿಂದಿಯಲ್ಲಿ ನೋಡಿ ಬೆಳೆದ ಆ ನೀಲಿ ಬೆಕ್ಕನ್ನು ಇವನು ಅದರ ತಾಯ್ನುಡಿಯಲ್ಲೇ ನೋಡುತ್ತಾನೆ ಎಂಬುದಷ್ಟೇ ವ್ಯತ್ಯಾಸ. ಆ ಬೆಕ್ಕನ್ನು ಬರೆದ ಫುಜಿಕೊ ಎಫ್. ಫುಜಿಯೊ ಅವರ ಹೆಸರಿನ ಸಂಗ್ರಹಾಲಯವೂ ಇದೇ ಕವಾಸಾಕಿಯಲ್ಲಿ, ಹಳೆಯ ಮನೆಗಳ ಗುಡ್ಡದಿಂದ ತುಸು ದೂರದಲ್ಲಿದೆ. 2011ರಲ್ಲಿ ತೆರೆದದ್ದು. ದಿನ, ಹೊತ್ತು ಗೊತ್ತುಮಾಡಿ ಮುಂಚೆಯೇ ಟಿಕೆಟ್ ಕೊಳ್ಳಬೇಕು. ತಿರುಪತಿ ದರ್ಶನದಷ್ಟೇ ಶಿಸ್ತು. ಬೆಳಿಗ್ಗೆ ಬೆಕ್ಕು, ಮಧ್ಯಾಹ್ನ ಅಜ್ಜನ ಮನೆಗಳು ಎಂದು ತೀರ್ಮಾನವಾಯಿತು. ಬೆಕ್ಕಿನ ಪಾಲು ಮುಗಿದ ಮೇಲೆ ಹುಡುಗ ಮಾತು ತಪ್ಪುವ ಲಕ್ಷಣ ಕಂಡಿತು. ಆ ಹಳೇ ಮನೆಗಳಲ್ಲೂ ಡೋರೆಮಾನ್ ಮಲಗುವಂಥ ಗೋಡೆ ಕಪಾಟು ಇದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ಅವನಮ್ಮ ಕೆಲಸ ಹಚ್ಚಿದಳು. ಸುಪಾರಿ ಹಿಡಿದ ಪತ್ತೇದಾರನ ಹಾಗೆ ಅವನು ಎಲ್ಲರಿಗಿಂತ ಮುಂದೆ ನಡೆದ.

ಸಂಗ್ರಹಾಲಯದ ಹೆಸರು ನಿಹೋನ್ ಮಿಂಕಾಎನ್. 1967ರಲ್ಲಿ ಶುರುವಾಯಿತು. ಜಪಾನಿನ ಇಂಥವುಗಳಲ್ಲಿ ಇದು ಮೊದಲನೆಯದಲ್ಲ. ಒಸಾಕಾದ ಹತ್ತಿರ ತೊಯೊನಾಕಾದಲ್ಲಿ 1956ರಲ್ಲೇ ಒಂದಾಗಿತ್ತು. ಎಲ್ಲಕ್ಕೂ ಮೂಲ ಸ್ವೀಡನ್ನಿನ ಸ್ಕಾನ್ಸೆನ್, 1891ರದು. ಇಲ್ಲಿ ಇಪ್ಪತ್ತೈದರಷ್ಟು ಕಟ್ಟಡಗಳಿವೆ: ರೈತರ ಮನೆ, ವ್ಯಾಪಾರಿಯ ಮನೆ, ಮೀನುಗಾರರ ಮುಖಂಡನ ಮನೆ, ನೀರಿನ ಗಿರಣಿ, ದೋಣಿಯವನು ಗಿರಾಕಿ ಕಾಯುತ್ತ ಕೂರುತ್ತಿದ್ದ ಒಂದಾಳಿನ ಗೂಡು. ಉತ್ತರದ ಇವಾತೆಯಿಂದ ಹಿಡಿದು ದಕ್ಷಿಣದ ಒಕಿನೊಎರಾಬು ದ್ವೀಪದವರೆಗಿನವು. ಬದುಕಿದ್ದಾಗ ಒಂದರ ಮುಖ ಇನ್ನೊಂದು ಕಂಡಿರಲಿಲ್ಲ. ಈಗ ಒಂದರ ಅಂಗಳದಿಂದ ಇನ್ನೊಂದರ ಹಿತ್ತಿಲು ಕಾಣುತ್ತದೆ. ಎಲ್ಲಕ್ಕೂ ಮನೆತನದ ಹೆಸರೇ ಉಳಿದಿದೆ: ಸುಜುಕಿಯವರ ಮನೆ, ಸಾಸಾಕಿಯವರ ಮನೆ, ಕಿತಾಮುರ ಅವರ ಮನೆ. ಮನೆಯವರಿಲ್ಲ.

ಒಂದು ಎಚ್ಚರಿಕೆ: ಅಲ್ಲಿಗೆ ಹೋಗುವವರು ಲೇಸು ಕಟ್ಟುವ ಬೂಟು ಹಾಕಿಕೊಂಡು ಹೋಗಬಾರದು. ಜಗಲಿ ಹತ್ತಬೇಕಾದರೆ ಬೂಟು ಬಿಚ್ಚಬೇಕು, ಇಳಿದರೆ ಕಟ್ಟಬೇಕು, ಇಪ್ಪತ್ತು ಹೆಜ್ಜೆ ನಡೆದರೆ ಮತ್ತೆ ಬಿಚ್ಚಬೇಕು. ಮಂಡಿನೋವಿಗೆಂದು ಮಗಳು ಕೊಡಿಸಿದ್ದ ಬೂಟು ನನ್ನದು. ಮಂಡಿಗೆ ಅದರಿಂದ ಸಿಕ್ಕಿದ್ದು ಒಳ್ಳೆಯ ವ್ಯಾಯಾಮ. ನನ್ನ ಹೆಂಡತಿ ಸೀರೆಗೆ ಚಪ್ಪಲಿ ಹಾಕಿದ್ದಳು. ಪ್ರತಿ ಮನೆಯಲ್ಲೂ ನಾನು ಒಳಗೆ ಬರುವಷ್ಟರಲ್ಲಿ ಅವಳು ಅಡುಗೆಮನೆ ನೋಡಿ ಮುಗಿಸಿ, ತೀರ್ಪು ಕೊಟ್ಟು ಹೊರಗೆ ಬಂದಿರುತ್ತಿದ್ದಳು. ಹೆಚ್ಚಿನ ತೀರ್ಪುಗಳು ಒಂದೇ: “ಗಾಳಿ ಬೆಳಕು ಸಾಲದು ರೀ, ಸೊಸೆಯಂದಿರ ಪಾಡು ಕಷ್ಟವೇ ಇತ್ತು.”

ಸುಜುಕಿಯವರ ಮನೆ ಕುದುರೆ ವ್ಯಾಪಾರಿಗಳ ತಂಗುದಾಣ. ಫುಕುಶಿಮಾ ಕಡೆಯದು. ಬಾಗಿಲು ದಾಟಿದರೆ ಮಣ್ಣಿನ ನೆಲ, ಅಲ್ಲೇ ಕುದುರೆ ಕಟ್ಟುವ ಜಾಗ. ವ್ಯಾಪಾರಿ ಮಲಗಿದಲ್ಲಿಂದಲೇ ಸರಕಿನ ಮೇಲೆ ಕಣ್ಣಿಡಬಹುದು. ಇವಾತೆಯ ಕುದೊ ಮನೆ ಇನ್ನೂ ಒಂದು ಹೆಜ್ಜೆ ಮುಂದೆ. ಇಡೀ ಮನೆಯೇ ಮೊಣಕೈ ಮಡಿಸಿದ ಹಾಗೆ ಬಾಗಿದೆ, ಒಂದು ತೋಳಿನಲ್ಲಿ ಜನ, ಇನ್ನೊಂದರಲ್ಲಿ ಕುದುರೆ. ಹಿಮದ ನಾಡಿನಲ್ಲಿ ಕುದುರೆಗೆ ಶೀತವಾದರೆ ಮನೆಯವರಿಗೇ ಜ್ವರ ಬಂದಂತೆ. ಒಲೆಯ ಬಿಸಿ ಅದಕ್ಕೂ ಹೋಗಲಿ ಎಂದು ಒಂದೇ ಸೂರು. ಪತ್ತೇದಾರ ಅಲ್ಲಿ ಬಹಳ ಹೊತ್ತು ನಿಂತ. ಕಪಾಟು ಸಿಗಲಿಲ್ಲ, ಆದರೆ ಕುದುರೆಯ ಜೊತೆ ಮಲಗುವ ಮನೆ ಡೋರೆಮಾನ್‌ನ ಗೆಳೆಯ ನೊಬಿತಾನಿಗೂ ಇಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಅವನ ಮುಖದಲ್ಲಿತ್ತು.

ಇಷ್ಟು ದೊಡ್ಡ ಮನೆಗಳನ್ನು ಗುಡ್ಡಕ್ಕೆ ಹತ್ತಿಸಿದ್ದು ಹೇಗೆ? ಕಟ್ಟಿದ್ದನ್ನು ಬಿಚ್ಚಿದರು, ಅಷ್ಟೆ. ಈ ಮನೆಗಳ ಕಂಬಗಳನ್ನು ನೆಲದಲ್ಲಿ ಹೂತಿಲ್ಲ, ಕಲ್ಲಿನ ಮೇಲೆ ನಿಲ್ಲಿಸಿದೆ. ಕಂಬಕ್ಕೆ ತೊಲೆ, ತೊಲೆಗೆ ಅಡ್ಡಪಟ್ಟಿ, ಎಲ್ಲ ಕೊರೆದು ಕೂಡಿಸಿದ್ದು. ಗೋಡೆ ಎನ್ನುವುದು ಬಿದಿರ ಜಾಲರಿಗೆ ಮೆತ್ತಿದ ಮಣ್ಣು. ಅದು ಭಾರ ಹೊರುವುದಿಲ್ಲ, ಗುಟ್ಟನ್ನಷ್ಟೇ ಕಾಯುತ್ತದೆ. ಜಪಾನಿನ ಬಡಗಿಗಳು ಕಟ್ಟುವಾಗಲೇ ಒಂದು ದಿಕ್ಕಿಗೆ ತಮ್ಮ ಇ-ರೊ-ಹ ಅಕ್ಷರಮಾಲೆ, ಇನ್ನೊಂದು ದಿಕ್ಕಿಗೆ ಅಂಕಿ ಹಾಕಿ ಪ್ರತಿ ಕಂಬಕ್ಕೂ ಶಾಯಿಯಲ್ಲಿ ವಿಳಾಸ ಬರೆಯುತ್ತಿದ್ದರು. ಕಿತಾಮುರ ಮನೆಯಲ್ಲಿ ಬಡಗಿ ವರ್ಷವನ್ನೂ ಬರೆದಿಟ್ಟ. ಅದರಿಂದಲೇ ಆ ಮನೆ 1687ರದು ಎಂದು ಖಚಿತವಾಗಿ ಹೇಳಬಹುದು. ನಮ್ಮಲ್ಲಿ ಔರಂಗಜೇಬ ಗೋಲ್ಕೊಂಡದ ಕೋಟೆ ಹಿಡಿದ ವರ್ಷ. ಅವನು ಕೋಟೆ ಒಡೆಯುತ್ತಿದ್ದಾಗ ಇಲ್ಲಿ ಯಾವನೋ ಒಬ್ಬ ಬಡಗಿ ನಾಲಿಗೆ ಕಚ್ಚಿಕೊಂಡು ಕುಂಚದಲ್ಲಿ ವರ್ಷ ಬರೆಯುತ್ತಿದ್ದ.

ಬಿಚ್ಚಿದ ಮೇಲೆ ಹಾಗೆಯೇ ಜೋಡಿಸುವುದಿಲ್ಲ. ಕಂಬದ ಬುಡ ಲಡ್ಡಾಗಿದ್ದರೆ ಅಷ್ಟನ್ನೇ ಕೊಯ್ದು ಹೊಸ ಮರದ ಪಾದ ಕೂಡಿಸುತ್ತಾರೆ. ಕಪ್ಪು ಕಂಬಕ್ಕೆ ಬಿಳಿ ಕಾಲುಚೀಲ ತೊಡಿಸಿದಂತೆ ಕಾಣುತ್ತದೆ. ಇಷ್ಟರವರೆಗೆ ನನ್ನ ತಕರಾರಿಲ್ಲ. ಆದರೆ ತಜ್ಞರು ಕಂಬಗಳ ಹಳೆಯ ತೂತು, ಗೀರುಗಳನ್ನು ಓದಿ ಮನೆ ಮೊದಲು ಹೇಗಿತ್ತೆಂದು ಲೆಕ್ಕ ಹಾಕಿ, ಆಮೇಲೆ ಸೇರಿದ್ದನ್ನೆಲ್ಲ ತೆಗೆದುಹಾಕುತ್ತಾರೆ. ನಡುವಿನ ಕಾಲದಲ್ಲಿ ಯಾರೋ ಕೂಡಿಸಿದ ಕೋಣೆ, ಯಾರೋ ಒಡೆಸಿದ ಕಿಟಕಿ, ನೆಲಕ್ಕೆ ಹಾಕಿಸಿದ ಹಲಗೆ, ಯಾವುದೂ ಇಲ್ಲ. ಕಿತಾಮುರ ಮನೆಯ ಮುಂದಿನ ಕೋಣೆಗೆ ಮೂಲದಂತೆ ಬಿದಿರ ಸೀಳಿನ ನೆಲ. ಇತಿಹಾಸಕ್ಕೆ ಇದು ಸರಿ ಇರಬಹುದು. ಆದರೆ ಇಪ್ಪತ್ತು ವರ್ಷ ಅತ್ತೆಯ ಕಿವಿಯ ಹತ್ತಿರ ಗೊಣಗಿ, ಗಂಡನ ಕಡೆ ಮುಖ ತಿರುಗಿಸಿ ಮಲಗಿ, ಅಂತೂ ಅಡುಗೆಮನೆಗೊಂದು ಕಿಟಕಿ ಗೆದ್ದುಕೊಂಡ ಸೊಸೆಯೊಬ್ಬಳು ಅಲ್ಲಿ ಇದ್ದೇ ಇದ್ದಳಲ್ಲ? ಅವಳ ಕಿಟಕಿಯನ್ನು ಆಮೇಲಿನ ಸೇರ್ಪಡೆ ಎಂದು ಒಂದು ಸಾಲಿನಲ್ಲಿ ತಳ್ಳಿಹಾಕಿ ಮತ್ತೆ ಗೋಡೆ ಮೆತ್ತಿದ್ದಾರೆ. ಗಾಳಿ ಬೆಳಕು ಸಾಲದು ಎಂಬ ನಮ್ಮವಳ ತೀರ್ಪಿಗೆ ಅರ್ಧ ಹೊಣೆ ತಜ್ಞರದು.

ಗುಡ್ಡದ ನಡುವಿನಲ್ಲಿ ಕೈಮುಗಿದಂಥ ಮಾಡಿನ ದೊಡ್ಡ ಮನೆಗಳು ಒಟ್ಟಿಗಿವೆ. ಗಾಶ್ಶೊ ಶೈಲಿಯವು. ಮೂರು ತೊಯಾಮಾದ ಗೊಕಾಯಾಮಾ ಕಡೆಯವು, ಒಂದು ಪಕ್ಕದ ಶಿರಾಕಾವಾದ್ದು. ವಿಶ್ವ ಪರಂಪರೆಯ ಪಟ್ಟಿಗೆ 1995ರಲ್ಲಿ ಸೇರಿದ ಹಳ್ಳಿಗಳ ನೆಂಟರು. ಆಳೆತ್ತರ ಬೀಳುವ ಹಿಮ ನಿಲ್ಲದೆ ಜಾರಲಿ ಎಂದು ಮಾಡು ಅಷ್ಟು ಕಡಿದು. ಅಷ್ಟು ದೊಡ್ಡ ಮಾಡಿನಲ್ಲಿ ಮೊಳೆಯಿಲ್ಲ. ಹಗ್ಗ, ಮತ್ತೆ ಹಸಿಯಾಗಿದ್ದಾಗ ತಿರುಚಿ ಕಟ್ಟಿದ ಎಳೆಯ ಮರದ ಕೊಂಬೆ. ಓರೆ ಮರಗಳ ಕೆಳತುದಿಯನ್ನು ಪೆನ್ಸಿಲ್ಲಿನಂತೆ ಚೂಪು ಮಾಡಿ ತೊಲೆಯ ಗುಳಿಯಲ್ಲಿ ಸುಮ್ಮನೆ ಕೂರಿಸಿದ್ದಾರೆ. ಗಾಳಿ ನೂಕಿದರೆ ಮಾಡು ಒಂಚೂರು ಓಲಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅಟ್ಟದಲ್ಲಿ ರೇಷ್ಮೆ ಹುಳು. ನೆಲದಡಿಯಲ್ಲಿ ಗುಂಡಿ ತೋಡಿ ಮಣ್ಣು, ಹುಲ್ಲು, ಹುಳುವಿನ ಹಿಕ್ಕೆ, ಮನೆಯವರ ಮೂತ್ರ ಎಲ್ಲ ಸೇರಿಸಿ ವರ್ಷಗಟ್ಟಲೆ ಕೊಳೆಸಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಗೊಕಾಯಾಮಾದವರು ಅದನ್ನು ಕಾಗಾ ಸಂಸ್ಥಾನದ ದೊರೆಗೆ ಒಪ್ಪಿಸುತ್ತಿದ್ದರು. ಮೇಲೆ ರೇಷ್ಮೆ, ಕೆಳಗೆ ಸಿಡಿಮದ್ದು, ನಡುವೆ ಸಂಸಾರ. ಸಂಸಾರದ ಬಗ್ಗೆ ಇಷ್ಟು ನಿಖರವಾದ ನಕಾಶೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಮಾಡಿಗೆ ಹುಲ್ಲು ಹೊದಿಸುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಊರಿಗೆ ಊರೇ ಬಂದು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಇವತ್ತು ನಿನ್ನದು, ಮುಂದೆ ನನ್ನದು. ಕೂಲಿ ಇಲ್ಲ, ಊಟವಿದೆ, ಯಾರು ಯಾರಿಗೆ ಬಾಕಿ ಎಂಬ ಲೆಕ್ಕ ಎಲ್ಲರ ತಲೆಯಲ್ಲಿದೆ. ಅದಕ್ಕೆ ಯುಇ ಎನ್ನುತ್ತಾರೆ ಎಂದು ಮಗಳು ಫಲಕ ಓದಿ ವಿವರಿಸಲು ಹೊರಟಳು. “ಮುಯ್ಯಾಳು ಅನ್ನು ಮಾರಾಯ್ತಿ, ಅರ್ಥ ಆಯ್ತು” ಎಂದೆ. ಸೋಗೆ ಹೊದಿಸಲು ಮುಯ್ಯಾಳು ಬಂದ ದಿನ ನಮ್ಮಮ್ಮ ಬೇಯಿಸುತ್ತಿದ್ದ ಗಂಜಿಯ ಹಂಡೆ ನನಗೆ ಇನ್ನೂ ನೆನಪಿದೆ.

ಇಂಥದೇ ಇನ್ನೊಂದು ಗಾಶ್ಶೊ ಮನೆ ಯೊಕೊಹಾಮಾದ ಸಾನ್ಕೇಎನ್ ಉದ್ಯಾನದಲ್ಲಿದೆ, ಯಾನೊಹಾರಾ ಮನೆ. ಅದು ಅಲ್ಲಿಗೆ ಬಂದದ್ದು 1960ರಲ್ಲಿ, ಶೊ ನದಿಗೆ ಮಿಬೊರೊ ಅಣೆಕಟ್ಟು ಕಟ್ಟುವಾಗ. 1961ಕ್ಕೆ ಕಟ್ಟೆ ಮುಗಿಯಿತು, ಹಳ್ಳಿಗಳು ನೀರಿನಡಿ ಹೋದವು. ಇದನ್ನು ಓದಿದ ಮೇಲೆ ಗಾಶ್ಶೊ ಮನೆಯ ಜಗಲಿಯಲ್ಲಿ ನನಗೆ ಜಪಾನು ಮರೆತುಹೋಯಿತು. ನಮ್ಮ ಕಡೆ ಮುಳುಗಡೆ ಅಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ದೊಡ್ಡಪ್ಪನವರೂ ಮನೆ ಬಿಚ್ಚಿದವರೇ: ಮುಂಬಾಗಿಲು, ಹಲಸಿನ ಕಂಬಗಳು, ಹೆಂಚು, ದೇವರ ಮಂಟಪ, ಎಲ್ಲ ಲಾರಿಗೆ ಹೇರಿ ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ಕಂಬಗಳ ಮೇಲೆ ಅಕ್ಷರ ಅಂಕಿ ಬರೆಯುವಷ್ಟು ವ್ಯವಧಾನ ಯಾರಿಗಿತ್ತು? ಹೊಸ ಮಾಡು ತಗ್ಗು, ಕಂಬ ಎತ್ತರ. ಒಂದೊಂದು ಮೊಳ ಕೊಯ್ದು ನಿಲ್ಲಿಸಿದರು. ಕೊಯ್ದ ತುಂಡುಗಳಲ್ಲಿ ಒಂದು ಬಹಳ ಕಾಲ ದೊಡ್ಡಮ್ಮನ ಕೂರುಮಣೆಯಾಗಿತ್ತು. ಅದರ ಮೇಲೆ ಕೂತು ಅವರು ಬೇರೆಯವರನ್ನು ಬೈಯುತ್ತಿದ್ದರೇ ಹೊರತು ಸರ್ಕಾರದ ಸುದ್ದಿ ಎತ್ತುತ್ತಿರಲಿಲ್ಲ.

ನಮ್ಮಲ್ಲೂ ಮನೆ ಕೂಡಿಟ್ಟವರಿಲ್ಲ ಅಂತಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಜಯನಾಥ ಶೆಣೈ ಅವರು ಕೆಡವುವ ಮನೆಗಳ ಬೆನ್ನು ಹತ್ತಿ ಮಣಿಪಾಲದಲ್ಲಿ ಒಂದು ಊರನ್ನೇ ನಿಲ್ಲಿಸಿದರು. ಚೆನ್ನೈ ಹೊರಗಿನ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರನ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ. “ಚಿಕ್ಕಮಗಳೂರಿನ ಮನೆ ನೋಡಲು ಚೆನ್ನೈಗೆ, ಹೊಗೆ ಕುಡಿಯಲು ಜಪಾನಿಗೆ” ಎಂದು ನನ್ನ ಹೆಂಡತಿ ಪ್ರವಾಸೋದ್ಯಮವನ್ನು ಮುಗಿಸಿದಳು.

ಶಿರಾಕಾವಾದಿಂದ ಬಂದ ಯಾಮಾಶಿತಾ ಮನೆಯ ಕೆಳಗಡೆ ಸೋಬಾ ಅಂಗಡಿಯಿದೆ. ಬಕ್‌ವೀಟ್ ಹಿಟ್ಟಿನ ಸೇವಿಗೆ. ಪರಿಮಳ ಎಳೆಯುತ್ತಿತ್ತು. ಆದರೆ ಜಪಾನಿನಲ್ಲಿ ಸಸ್ಯಾಹಾರಿಯ ಶತ್ರು ಬಟ್ಟಲಲ್ಲಿ ಕಾಣುವುದಿಲ್ಲ, ಸಾರಿನಲ್ಲಿ ಕರಗಿರುತ್ತದೆ. ಒಣಗಿಸಿದ ಮೀನಿನ ಹೆರೆಯಿಲ್ಲದೆ ಅವರ ಸಾರು ಸಾರೇ ಅಲ್ಲ. ಉದ್ಯಾನದ ಬೆಂಚಿನ ಮೇಲೆ ಡಬ್ಬಿ ತೆರೆದು ಚಿತ್ರಾನ್ನ ತಿಂದೆವು. ಅಳಿಯ ಮಾತ್ರ ಫೋನಿನ ನೆಪದಲ್ಲಿ ಸ್ವಲ್ಪ ಹೊತ್ತು ಕಾಣಲಿಲ್ಲ. ಬಂದಾಗ ಅವನ ಮುಖದಲ್ಲಿದ್ದ ತೃಪ್ತಿ ಚಿತ್ರಾನ್ನದ್ದಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು, ಯಾರೂ ಕೇಳಲಿಲ್ಲ. ಅಳಿಯನಲ್ಲವೆ.

ಇಲ್ಲಿಯ ಮನೆಗಳಿಗೆ ಚಿಮಣಿಯಿಲ್ಲ. ನೆಲದ ನಡುವೆ ಚೌಕದ ಒಲೆ, ಇರೊರಿ. ಮೇಲಿನಿಂದ ಇಳಿಬಿಟ್ಟ ಕೊಕ್ಕೆಗೆ ಕೆಟಲು. ಹೊಗೆ ತೊಲೆ, ಹಗ್ಗ, ಹುಲ್ಲುಗಳ ನಡುವೆ ಸುಳಿದು ತನಗೆ ತೋಚಿದ ದಾರಿಯಲ್ಲಿ ಹೊರಗೆ ಹೋಗುತ್ತದೆ. ಹೋಗುತ್ತ ಹುಲ್ಲಿನ ತೇವ ಹೀರುತ್ತದೆ, ಹುಳ ಓಡಿಸುತ್ತದೆ, ಹಗ್ಗ ಬಿಗಿಯುತ್ತದೆ. ಜನ ಬಿಟ್ಟುಹೋದ ಮನೆಯ ಮಾಡು ಬೇಗ ಕೊಳೆಯುವುದು ಬಿಕ್ಕಿ ಅತ್ತು ಅಲ್ಲ, ಹೊಗೆ ಇಲ್ಲದೆ. ಅಟ್ಟದ ಬಿದಿರು ನೂರು ವರ್ಷ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದರೆ ಚಹಾ ಕಡೆಯುವ ಕುಂಚ ಮಾಡಲು ಅದಕ್ಕೆ ಭಾರೀ ಬೆಲೆ. ಹೀಗಾಗಿ ಈ ಮನೆಗಳಿಗೆ ಸರದಿಯ ಮೇಲೆ ಬೆಂಕಿ ಹಾಕಲೆಂದೇ ಸ್ವಯಂಸೇವಕರಿದ್ದಾರೆ, ಹೆಚ್ಚಿನವರು ನಿವೃತ್ತರು. ಬೆಂಕಿ ಬೇಕು, ಬೆಂಕಿಯ ಹೆದರಿಕೆಯೂ ಬೇಕು. ಶಿರಾಕಾವಾದಲ್ಲಿ ವರ್ಷಕ್ಕೊಮ್ಮೆ ಊರ ತುಂಬ ನೀರಿನ ತೋಪು ಹಾರಿಸಿ ಅಭ್ಯಾಸ ಮಾಡುತ್ತಾರೆ.

ಒಂದು ಮನೆಯಲ್ಲಿ ಒಲೆಯ ಹತ್ತಿರ ಇದ್ದ ಹಿರಿಯರು ನಮ್ಮನ್ನು ಕೂರಿಸಿ ಒಲೆಯ ನಾಲ್ಕು ಬದಿಯ ಕಾಯಿದೆ ಹೇಳಿದರು, ಮಗಳು ಕನ್ನಡಕ್ಕಿಳಿಸಿದಳು. ಒಂದು ಬದಿ ಯಜಮಾನನದು. ಪಕ್ಕದ್ದು ಹೆಂಡತಿಯದು, ಎದುರು ಬದಿ ಅತಿಥಿಗೆ, ಸೌದೆಯ ಬುಡ ಇರುವ ಬದಿ ಆಳುಗಳಿಗೂ ಸೊಸೆಗೂ. ಯಜಮಾನನ ಜಾಗದಲ್ಲಿ ಅವನಲ್ಲದೆ ಕೂರುವವರು ಮೂರೇ ಜನ ಎಂದು ಗಾದೆಯಿದೆಯಂತೆ: ಬೆಕ್ಕು, ಪೆದ್ದ, ಸನ್ಯಾಸಿ. ಬೆಚ್ಚಗಿದೆ ಎಂದು ನಾನು ಕೂತಿದ್ದು ಅಲ್ಲೇ. ಬೆಕ್ಕಿನ ಹೆಸರು ಬಂದದ್ದೇ ಮೊಮ್ಮಗ ಅಲ್ಲಿಗೆ ಹಾರಿ ಬಂದು, ಡೋರೆಮಾನ್ ಆದರೆ ಇಲ್ಲೇ ಕೂರುತ್ತಿದ್ದ ಎಂದು ನನ್ನನ್ನು ಪಕ್ಕಕ್ಕೆ ನೂಕಿದ. ನನ್ನ ಹೆಂಡತಿ ನನ್ನನ್ನು ಅಳೆದು ನೋಡಿದಳು. “ಬೆಕ್ಕಂತೂ ಅಲ್ಲ. ಸನ್ಯಾಸಿ ಆಗಿದ್ದರೆ ನಾನಿಲ್ಲಿ ಇರುತ್ತಿರಲಿಲ್ಲ.” ಉಳಿದದ್ದನ್ನು ಅವಳು ಹೇಳಲಿಲ್ಲ. ಮಗಳು ಅದನ್ನೂ ಜಪಾನಿ ಭಾಷೆಗೆ ಇಳಿಸಿಬಿಟ್ಟಳು.

ಹಿರಿಯರ ಬೆನ್ನ ಹಿಂದೆ ಮನೆಯ ಅತಿ ದಪ್ಪ ಕಂಬವಿತ್ತು, ಎಣ್ಣೆ ಹಚ್ಚಿದಷ್ಟು ಕಪ್ಪು. ಅದು ದೈಕೊಕುವಿನ ಕಂಬ. ದೈಕೊಕು ಅಂದರೆ ಅಕ್ಕಿ ಮೂಟೆಯ ಮೇಲೆ ನಿಂತು ಕೈಯಲ್ಲಿ ಕೊಡತಿ ಹಿಡಿದು ನಗುವ ಡೊಳ್ಳುಹೊಟ್ಟೆಯ ದೇವರು. ಮೂಲ ಹುಡುಕಿದರೆ ನಮ್ಮ ಮಹಾಕಾಲ. ಏಳನೇ ಶತಮಾನದಲ್ಲಿ ನಮ್ಮ ನಾಡಿಗೆ ಬಂದ ಚೀನೀ ಯಾತ್ರಿಕ ಇತ್ಸಿಂಗ್, ಇಲ್ಲಿಯ ವಿಹಾರಗಳ ಅಡುಗೆಮನೆಯ ಕಂಬದ ಪಕ್ಕ ಮರದ ಮಹಾಕಾಲ ಇರುವುದನ್ನು, ಒರೆಸಿ ಒರೆಸಿ ಎಣ್ಣೆಯಿಂದ ಅವನು ಕಪ್ಪಾಗಿರುವುದನ್ನು ಬರೆದಿದ್ದಾನೆ. ಒಂದು ವಿಹಾರಕ್ಕೆ ಹೇಳದೆ ಕೇಳದೆ ಐನೂರು ಭಿಕ್ಷುಗಳು ಬಂದಿಳಿದಾಗ ಮುದುಕಿಯೊಬ್ಬಳು ಈ ದೇವರಿಗೆ ಮೊರೆಯಿಟ್ಟು, ಇದ್ದ ಅನ್ನವೇ ಎಲ್ಲರಿಗೂ ಸಾಕಾದ ಕಥೆಯನ್ನೂ ಹೇಳುತ್ತಾನೆ. ಸ್ಮಶಾನದ ದೇವರು ಅಡುಗೆಮನೆಗೆ ಬಂದು, ಸಮುದ್ರ ದಾಟಿ, ಹೊಟ್ಟೆ ಬೆಳೆಸಿಕೊಂಡು ನಗುತ್ತಿದ್ದಾನೆ. ವಲಸೆ ಹೋದ ಎಲ್ಲರಿಗೂ ಇಷ್ಟು ಒಗ್ಗಿದರೆ ಚೆನ್ನ. ನಮ್ಮ ಮಗಳ ಅಪಾರ್ಟ್‌ಮೆಂಟಿನಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೂ ಹೊಗೆಯ ಅಲಾರಂ ಕಿರುಚುತ್ತದೆ. ಅಮ್ಮ ಒಗ್ಗರಣೆ ಹಾಕುವಾಗ ಮಗಳು ಟವೆಲ್ ಬೀಸುತ್ತ ನಿಲ್ಲಬೇಕು.

ಅಷ್ಟರಲ್ಲಿ ಒಲೆಯ ಬೆಂಕಿ ಕುಗ್ಗಿತು. ಹಿರಿಯರು ಪಕ್ಕದಲ್ಲಿದ್ದ ಬಿದಿರಿನ ಊದುಗೊಳವೆಗೆ ಕೈಹಾಕಿದರು. ನನ್ನ ಹೆಂಡತಿ ತಡೆಯಲಾರದೆ ಅದನ್ನು ಇಸಿದುಕೊಂಡಳು. ಮದುವೆಯಾಗಿ ಬಂದ ಹೊಸತರಲ್ಲಿ ಹಸಿ ಸೌದೆಯ ಜೊತೆ ಜಗಳವಾಡಿ, ಕಣ್ಣು ಕೆಂಪು ಮಾಡಿಕೊಂಡು, ಗ್ಯಾಸ್ ಬಂದ ದಿನ ಊದುಗೊಳವೆಯನ್ನು ಬಚ್ಚಲೊಲೆಗೇ ಹಾಕಿ ಸುಟ್ಟವಳು ಅವಳು. ಸೆರಗು ಸಿಕ್ಕಿಸಿ, ಕೊರಡನ್ನು ಸ್ವಲ್ಪ ಹಿಂದಕ್ಕೆ ಎಳೆದು, ಬೂದಿ ಏಳದಂತೆ ಓರೆಯಾಗಿ ಒಂದೇ ಉಸಿರು ಊದಿದಳು. ಉರಿ ಎದ್ದು ನಿಂತಿತು. ಹಿರಿಯರು ಎರಡೂ ಕೈ ತೊಡೆಯ ಮೇಲಿಟ್ಟು ಅವಳಿಗೆ ಬಗ್ಗಿ ವಂದಿಸಿದರು. ಇಷ್ಟು ವರ್ಷದಲ್ಲಿ ಅವಳ ಒಲೆಗೆ ಯಾರೂ ಬಗ್ಗಿರಲಿಲ್ಲ, ನಾನಂತೂ ಇಲ್ಲ.

ಅವಳಿಗೆ ವಿಷಯ ಮುಖ್ಯ. ಸೌದೆ ಯಾರು ಒಡೆಯುತ್ತಾರೆ, ಬೂದಿ ಯಾರು ತೆಗೆಯುತ್ತಾರೆ, ಮನೆಯಲ್ಲಿ ಇವರೇನಾದರೂ ಒಲೆ ಮುಂದೆ ನಿಲ್ಲುತ್ತಾರಾ ಕೇಳು ಎಂದು ಮಗಳಿಗೆ ಹೇಳಿದಳು. ಸೌದೆ, ಬೂದಿ ಎರಡೂ ತಾವೇ ಎಂದರು ಅವರು ಹೆಮ್ಮೆಯಿಂದ. ಮೂರನೆಯ ಪ್ರಶ್ನೆಗೆ ತುಸು ತಡವರಿಸಿದರು. ಮನೆಯಲ್ಲಿರುವುದು ಕರೆಂಟಿನ ಒಲೆ, ಅದರ ಗುಂಡಿಗಳು ತಮಗೆ ತಿಳಿಯುವುದಿಲ್ಲ. ಅದೂ ಅಲ್ಲದೆ ಇಲ್ಲಿಂದ ಹೋದ ದಿನ ಹೆಂಡತಿ ಅವರನ್ನು ಅಡುಗೆಮನೆಗಿರಲಿ, ಕೋಣೆಯೊಳಗೂ ಬಿಡುವುದಿಲ್ಲ. ಹೊಗೆ ವಾಸನೆ ಎಂದು ಬಾಗಿಲಲ್ಲೇ ಕೋಟು, ಶರ್ಟು ಎಲ್ಲ ಬಿಚ್ಚಿಸಿ ಸೀದಾ ಬಚ್ಚಲಿಗೆ ಕಳಿಸುತ್ತಾಳೆ.

“ಸರಿಯಾಗಿದೆ ಅಂತ ಹೇಳು” ಎಂದಳು ನನ್ನ ಹೆಂಡತಿ.